ಕೇಳದೆ ಬರುವ ರಜೆ, ಕೇಳಿ ಪಡೆಯುವ ರಜೆ

(ಹಿರೇಗುಂಟನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದುಡಿಮೆಯ ಬಗ್ಗೆ ಮಾತಾಡಬೇಕೆಂಬುದು ಈ ದತ್ತಿ ಇಟ್ಟವರ ಅಪೇಕ್ಷೆ. ದುಡಿಮೆಯ ಮಾತು ಬಂದರೆ ಬಿಡುವಿನ ಮಾತೂ ಬರಲೇಬೇಕು. ಅದರಲ್ಲಿ ಒಂದೇ ಒಂದು ಪ್ರಶ್ನೆಯನ್ನು ನಾನು ಇವತ್ತು ಕೈಗೆತ್ತಿಕೊಂಡಿದ್ದೇನೆ. ದುಡಿಯುವವರಿಗೆ ಇನ್ನಷ್ಟು ಬಿಡುವು ಕೊಡುವುದೆಂದು ತೀರ್ಮಾನವಾದರೆ, ವಾರವನ್ನು ಚಿಕ್ಕದು ಮಾಡಬೇಕೋ, ವರ್ಷದ ರಜೆಯನ್ನು ಹೆಚ್ಚಿಸಬೇಕೋ?

ಇದು ಎಲ್ಲೋ ದೂರದ ದೇಶದ ಚರ್ಚೆಯೆಂದು ತಿಳಿಯಬೇಡಿ. ನಮ್ಮ ರಾಜ್ಯದಲ್ಲಿ ಇದರ ತೀರ್ಮಾನ ಆಗಿಹೋಗಿದೆ. 2019ರ ಜೂನ್ ತಿಂಗಳಲ್ಲಿ, ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, ಆರನೇ ರಾಜ್ಯ ವೇತನ ಆಯೋಗದ ಶಿಫಾರಸಿನ ಹಿನ್ನೆಲೆಯಲ್ಲಿ ಸಚಿವ ಸಂಪುಟ ಒಂದು ನಿರ್ಧಾರಕ್ಕೆ ಬಂತು. ಎರಡನೇ ಶನಿವಾರದ ಜೊತೆಗೆ ನಾಲ್ಕನೇ ಶನಿವಾರವೂ ಸರ್ಕಾರಿ ಕಚೇರಿಗಳಿಗೆ ರಜೆ. ಅದಕ್ಕೆ ಪ್ರತಿಯಾಗಿ ನೌಕರರ ಸಾಂದರ್ಭಿಕ ರಜೆ (ಸಿ.ಎಲ್.) 15ರಿಂದ 10ಕ್ಕೆ ಇಳಿಯಿತು. ಇವತ್ತು ನಾಲ್ಕನೇ ಶನಿವಾರ. ಈ ಸಭೆಯಲ್ಲಿ ಇಷ್ಟು ಮಂದಿ ಕಚೇರಿ ನೌಕರರು ಕೂತಿರುವುದಕ್ಕೆ ಆ ತೀರ್ಮಾನವೇ ಕಾರಣ.

ಲೆಕ್ಕ ಹಾಕಿದರೆ ಲಾಭವೇ. ವರ್ಷಕ್ಕೆ 12 ಶನಿವಾರ ಬಂದವು, 5 ಸಿ.ಎಲ್. ಹೋದವು, ಉಳಿದದ್ದು 7 ದಿನ. ಆದರೂ ಆಗ ಗೊಣಗಿದವರಿದ್ದರು, ಈಗಲೂ ಇದ್ದಾರೆ. ಅವರ ಗೊಣಗಾಟದಲ್ಲಿ ಹುರುಳಿದೆ. ಸಿ.ಎಲ್. ಹಾಕುವವರು ಚೀಟಿಯಲ್ಲಿ ಬರೆಯುವ ಕಾರಣ ಸಾಮಾನ್ಯವಾಗಿ ಒಂದೇ: ಮನೆಯಲ್ಲಿ ತುರ್ತು ಕೆಲಸದ ನಿಮಿತ್ತ. ಆ ತುರ್ತು ಕೆಲಸ ಏನೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ ಮೋಟರು ಸುಟ್ಟಿರುತ್ತದೆ. ಅತ್ತೆಯನ್ನು ದಾವಣಗೆರೆಯ ಆಸ್ಪತ್ರೆಗೆ ತೋರಿಸಬೇಕಿರುತ್ತದೆ. ಮುಂಗಾರು ಹದವಾಗಿ ಬಿದ್ದು, ಮೆಕ್ಕೆಜೋಳ ಬಿತ್ತಲು ಅದೇ ದಿನ ಆಳು ಸಿಕ್ಕಿರುತ್ತಾರೆ. ಹೊಲದ ಹದ ನಾಲ್ಕನೇ ಶನಿವಾರಕ್ಕೆ ಕಾಯುವುದಿಲ್ಲ. ನಾಯಕನಹಟ್ಟಿಯ ತೇರು ಶನಿವಾರವೇ ಎಳೆಯಬೇಕೆಂಬ ನಿಯಮವಿಲ್ಲ. ನಮ್ಮ ಕಡೆ ಮಾರಮ್ಮನ ಹಬ್ಬ ಮಂಗಳವಾರಕ್ಕೆ ಹೊಂದಿಕೊಂಡೇ ಬರುತ್ತದೆ. ಸಾವಿಗಂತೂ ವಾರವೇ ಇಲ್ಲ. ಮಣ್ಣಿಗೆ ಹೋಗಬೇಕು, ಮೂರನೇ ದಿನದ ಹಾಲುತುಪ್ಪಕ್ಕೆ ಹೋಗಬೇಕು. ಒಂದು ಕಾಲು ಕಚೇರಿಯಲ್ಲೂ ಒಂದು ಕಾಲು ಹೊಲದಲ್ಲೂ ಇಟ್ಟುಕೊಂಡು ಬದುಕುವ ನೌಕರನಿಗೆ, ತಾನು ಆರಿಸಿಕೊಂಡ ಒಂದು ದಿನ ಸರ್ಕಾರ ಆರಿಸಿಕೊಟ್ಟ ಎರಡು ದಿನಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಒಪ್ಪಿದ ಮೇಲೂ ನನ್ನ ಒಲವು ವಾರದ ಕಡೆಗೇ. ಅದಕ್ಕೆ ಕಾರಣ ಹೇಳಲೆಂದೇ ಇಲ್ಲಿ ನಿಂತಿದ್ದೇನೆ.

ಮೊದಲು ಕೌಂಟರಿನ ಈಚೆ ನಿಲ್ಲುವವರ ಕಡೆಯಿಂದ ನೋಡೋಣ. ಹಿರೇಗುಂಟನೂರು ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳವರು ಪಹಣಿಗೆ, ಜಾತಿ-ಆದಾಯ ಪ್ರಮಾಣ ಪತ್ರಕ್ಕೆ, ವಿಧವಾ ವೇತನದ ಅರ್ಜಿಗೆ ಇಲ್ಲಿಗೇ ಬರಬೇಕು. ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಕಾಲ ಹೊಂದಿಸಿಕೊಂಡು ಬಂದಿರುತ್ತಾಳೆ. ನಾಲ್ಕನೇ ಶನಿವಾರ ಬಾಗಿಲು ಹಾಕಿರುತ್ತದೆಂಬುದು ಕ್ಯಾಲೆಂಡರಿನಲ್ಲೇ ಅಚ್ಚಾಗಿದೆ, ಆ ದಿನ ಆಕೆ ಬರುವುದೇ ಇಲ್ಲ. ಬುಧವಾರ ಬಂದು ನಿಂತಾಗ ‘ಸಾಹೇಬ್ರು ಇವತ್ತು ರಜಾ ಹಾಕಿದಾರೆ, ನಾಳೆ ಬಾ’ ಎಂಬ ಉತ್ತರ ಸಿಕ್ಕರೆ ಎರಡು ದಿನದ ಕೂಲಿ ಹೋಯಿತು. ಗೊತ್ತಿರುವ ರಜೆ ಜನರಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ಖಾಲಿ ಕುರ್ಚಿ ಕೊಡುತ್ತದೆ. ನೌಕರರ ಸಂಘಗಳಾಗಲಿ ಸರ್ಕಾರವಾಗಲಿ ರಜೆಯ ಲೆಕ್ಕ ಮಾಡುವಾಗ ಈ ಹೆಣ್ಣುಮಗಳ ಕೂಲಿಯನ್ನು ಲೆಕ್ಕಕ್ಕೆ ಹಿಡಿದದ್ದನ್ನು ನಾನು ಕಂಡಿಲ್ಲ.

ಇನ್ನು ಕಚೇರಿಯನ್ನು ಬಿಟ್ಟು ಕಾರ್ಖಾನೆಯ ಕಡೆಗೆ ಬರೋಣ. ಈ ಪ್ರಶ್ನೆಯ ಬೇರು ಅಲ್ಲಿದೆ.

ಭಾನುವಾರದ ರಜೆ ನಮಗೆ ತಾನಾಗಿ ಬಂದದ್ದಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವವರಿಗೆ ವಾರದಲ್ಲಿ ಒಂದು ದಿನವೂ ಬಿಡುವಿರಲಿಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಬಳಗದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರನ್ನು ಕೂಡಿಸಿ ಸಂಘ ಕಟ್ಟಿದರು. ವರ್ಷಗಟ್ಟಲೆ ಮನವಿ, ಸಭೆ, ಒತ್ತಾಯ ನಡೆದವು. ಕೊನೆಗೆ 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಭಾನುವಾರ ಖಂಡೋಬನ ವಾರ ಎಂಬ ಮಾತೂ ಆ ಹೋರಾಟದ ಕಥೆಯೊಳಗೆ ಸೇರಿಕೊಂಡಿದೆ. ಖಂಡೋಬ ಎಂದರೆ ನಮ್ಮ ಮೈಲಾರಲಿಂಗ. ನಮ್ಮ ಬೀದಿಗಳಲ್ಲಿ ಡಮರುಗ ಬಾರಿಸುತ್ತಾ ಬರುವ ಗೊರವಯ್ಯನ ದೈವಕ್ಕೂ ಗಿರಣಿಯವರ ರಜೆಗೂ ಹೀಗೊಂದು ನಂಟಿದೆ ಎಂದರೆ ನನಗೆ ಸಂತೋಷವಾಗುತ್ತದೆ.

ಆಮೇಲಿನ ದಾರಿ ಬಲು ನಿಧಾನ. 1922ರ ಕಾಯ್ದೆಯಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54. ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ 1942ರಿಂದ ಕಾರ್ಮಿಕ ಖಾತೆ ನೋಡಿಕೊಂಡವರು ಬಾಬಾಸಾಹೇಬ್ ಅಂಬೇಡ್ಕರ್. ಅವರ ಕಾಲದಲ್ಲಿ ಎರಡೂ ಬಂದವು: 1945ರ ತಿದ್ದುಪಡಿಯಲ್ಲಿ ವರ್ಷಕ್ಕೆ 10 ದಿನ ಸಂಬಳ ಸಹಿತ ರಜೆ, 1946ರ ತಿದ್ದುಪಡಿಯಲ್ಲಿ ವಾರಕ್ಕೆ 48 ಗಂಟೆಯ ಮಿತಿ. ವಾರವೋ ರಜೆಯೋ ಎಂಬ ಆಯ್ಕೆಯನ್ನು ಅವರು ಕಾರ್ಮಿಕರ ಮುಂದೆ ಇಡಲೇ ಇಲ್ಲ, ಎರಡನ್ನೂ ಕೊಟ್ಟರು. 1936ರ ಬೇಸಿಗೆಯಲ್ಲಿ ಫ್ರಾನ್ಸಿನ ಕಾರ್ಮಿಕರೂ ಮುಷ್ಕರ ಹೂಡಿ 40 ಗಂಟೆಯ ವಾರವನ್ನೂ ಎರಡು ವಾರದ ಸಂಬಳ ಸಹಿತ ರಜೆಯನ್ನೂ ಒಟ್ಟಿಗೇ ಪಡೆದಿದ್ದರು. ನಮ್ಮ 1948ರ ಕಾರ್ಖಾನೆ ಕಾಯ್ದೆ ಈ ಎರಡನ್ನೂ ಉಳಿಸಿಕೊಂಡಿತು: ವಾರಕ್ಕೆ 48 ಗಂಟೆ, ದಿನಕ್ಕೆ 9, ವಾರಕ್ಕೊಂದು ಬಿಡುವು, ಜೊತೆಗೆ ವರ್ಷದಲ್ಲಿ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ರಜೆ. 300 ದಿನ ದುಡಿದರೆ 15 ದಿನ.

ಕಾಗದದ ಮೇಲೆ ಚೆಂದವಾಗಿದೆ. ನಮ್ಮ ನೆರೆಮನೆಯ ಹೆಣ್ಣುಮಗಳೊಬ್ಬಳು ಹೆದ್ದಾರಿ ಪಕ್ಕದ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಗ್ಗೆ ನಸುಕಿನಲ್ಲೇ ರೊಟ್ಟಿ ತಟ್ಟಿ, ಮಕ್ಕಳ ಡಬ್ಬಿ ತುಂಬಿ, ವ್ಯಾನು ಹತ್ತುವವಳು. ಅಂಗಿಗೆ ಕಾಲರ್ ಕೂರಿಸುವುದು ಅವಳ ಕೆಲಸ. ಅವಳ ಮಿಷನ್ನಿನಿಂದ ಹೋದ ಅಂಗಿ ಮುಂದಿನವಳ ಕೈಗೆ, ಅಲ್ಲಿಂದ ಅದರ ಮುಂದಿನವಳ ಕೈಗೆ. ಅವಳೊಬ್ಬಳು ಬಾರದಿದ್ದರೆ ಪಕ್ಕದವಳು ಎರಡು ಪಾಲು ದುಡಿಯಬೇಕು, ಇಲ್ಲವೇ ಇಡೀ ಬ್ಯಾಚಿನ ಟಾರ್ಗೆಟ್ಟು ತಪ್ಪುತ್ತದೆ. ರಜೆಯ ಬಗ್ಗೆ ಕೇಳಿದಾಗ ಅವಳು ಹೇಳಿದ್ದು: ‘ರಜಾ ಕೇಳಾಕೆ ಹೋದ್ರೆ ಸೂಪರ್‌ವೈಸರ್ ಮೊದ್ಲು ಪೀಸಿನ ಲೆಕ್ಕ ಕೇಳ್ತಾನೆ ಅಣ್ಣ. ಭಾನುವಾರ ಆದ್ರೆ ಯಾರ್ನೂ ಕೇಳಂಗಿಲ್ಲ, ಗೇಟೇ ತೆಗೆಯಲ್ಲ.’

ನನ್ನ ಉಪನ್ಯಾಸವೆಲ್ಲ ಈ ಒಂದು ಮಾತಿನಲ್ಲಿದೆ. ವಾರದ ರಜೆ ಕೇಳದೆ ಬರುತ್ತದೆ. ವರ್ಷದ ರಜೆಯನ್ನು ಕೇಳಿ ಪಡೆಯಬೇಕು. ಕೇಳುವ ಧೈರ್ಯ ಎಲ್ಲರಿಗೂ ಒಂದೇ ಸಮನಾಗಿ ಇರುವುದಿಲ್ಲ. ಕಾಯಂ ನೌಕರ ಕೇಳುತ್ತಾನೆ, ಹೊರಗುತ್ತಿಗೆಯವನು ಹಿಂಜರಿಯುತ್ತಾನೆ. ಇಂಜಿನಿಯರು ಮೇಲ್ ಕಳಿಸಿ ಸುಮ್ಮನಾಗುತ್ತಾನೆ, ಕಾಲರ್ ಕೂರಿಸುವವಳು ಮೇಜಿನ ಮುಂದೆ ನಿಂತು ಕಾರಣ ಹೇಳಬೇಕು. ಅವಳು ರಜೆ ಪಡೆದರೆ ಹೊರೆ ಬೀಳುವುದು ಪಕ್ಕದ ಮಿಷನ್ನಿನ ಗೆಳತಿಯ ಮೇಲೆ. ಹಾಗಾಗಿ ಸಿಕ್ಕ ರಜೆಯಲ್ಲೂ ಒಂದು ಅಳುಕು. ಗೇಟು ಮುಚ್ಚಿದ ದಿನ ಯಾರ ಹೊರೆಯೂ ಇನ್ನೊಬ್ಬರ ಮೇಲೆ ಬೀಳುವುದಿಲ್ಲ. ಬಲವಿಲ್ಲದವರಿಗೆ ವಾರವೇ ಮೊದಲು ಎಂದು ನಾನು ಹೇಳುವುದು ಇದಕ್ಕಾಗಿ.

ಇನ್ನೊಂದು ಸಂಗತಿ. ಕೇಳಿ ಪಡೆಯುವ ರಜೆಯನ್ನು ಮಾರಬಹುದು, ಭಾನುವಾರವನ್ನು ಹಾಗೆ ಮಾರಲಾಗದು. ಸರ್ಕಾರಿ ನೌಕರನಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಖಾತೆಗೆ ಬೀಳುತ್ತದೆ, ಜನವರಿಯಲ್ಲಿ 15, ಜುಲೈಯಲ್ಲಿ 15. ಅದರಲ್ಲಿ 15 ದಿನವನ್ನು ಸರೆಂಡರ್ ಮಾಡಿ ದುಡ್ಡು ಪಡೆಯಬಹುದು. ಉಳಿದದ್ದನ್ನು 300 ದಿನದವರೆಗೆ ಕೂಡಿಟ್ಟು ನಿವೃತ್ತಿಯಾದಾಗ ನಗದು ಮಾಡಿಕೊಳ್ಳಬಹುದು. ಮಗಳ ಮದುವೆಗೆ, ಮನೆಯ ತಾರಸಿಗೆ ಆ ದುಡ್ಡು ಆಗಿಬಂದಿದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ 300 ದಿನ ಕೂಡಿಟ್ಟವರು ಆ 300 ದಿನ ಎಲ್ಲಿಗೂ ಹೋಗಲಿಲ್ಲ, ಹೆಂಡತಿ ಮಕ್ಕಳ ಜೊತೆ ಕೂರಲಿಲ್ಲ, ಜ್ವರ ಬಂದಾಗಲೂ ಮಾತ್ರೆ ನುಂಗಿ ಕಚೇರಿಗೆ ಬಂದರು ಎಂಬುದೂ ನಿಜ. ರಜೆ ಹಣವಾಗಿ ಬದಲಾದ ಕೂಡಲೇ ಅದು ಬಿಡುವಾಗಿ ಉಳಿಯುವುದಿಲ್ಲ.

ವಾರವನ್ನು ಚಿಕ್ಕದು ಮಾಡುತ್ತೇವೆಂದು ಹೇಳಿಕೊಂಡು ಬರುವ ಎಲ್ಲವನ್ನೂ ನಾವು ಒಪ್ಪಿಕೊಳ್ಳಬಾರದು. ಇಲ್ಲಿ ತುಸು ಗಟ್ಟಿಯಾಗಿಯೇ ಮಾತಾಡಬೇಕಾಗಿದೆ. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆಯ ಮಿತಿ ಹಾಗೇ ಉಳಿಯಿತು. ಆದರೆ ಕಾರ್ಮಿಕರು ಬರಹದಲ್ಲಿ ಒಪ್ಪಿದರೆ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದು ಎಂದಾಯಿತು. ನಾಲ್ಕು ದಿನ ದುಡಿದು ಮೂರು ದಿನ ಮನೆಯಲ್ಲಿರಿ ಎಂದು ಇದನ್ನು ಬಣ್ಣಿಸಿದರು. ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿ ಮಿತಿಯನ್ನು 145ಕ್ಕೆ ಏರಿಸಿದ್ದೂ ಅದೇ ತಿದ್ದುಪಡಿ. ನನ್ನ ನೆರೆಮನೆಯವಳ ದಿನಕ್ಕೆ ಇದನ್ನು ಹೊಂದಿಸಿ ನೋಡಿ. 12 ಗಂಟೆ ಮಿಷನ್ನಿನ ಮುಂದೆ, ಹೋಗಿ ಬರಲು ಎರಡು ಗಂಟೆ, ಮನೆಗೆ ಬಂದು ಅಡುಗೆ, ಪಾತ್ರೆ, ನೀರು. ಅವಳು ಮಲಗುವುದು ಯಾವಾಗ? ಮೈ ದಣಿಯುವುದು ದಿನದ ಲೆಕ್ಕದಲ್ಲಿ. ದಣಿವನ್ನು ಸೋಮವಾರದಿಂದ ಗುರುವಾರದವರೆಗೆ ಕೂಡಿಟ್ಟು ಶುಕ್ರವಾರ ಕಳೆದುಕೊಳ್ಳಲು ಬರುವುದಿಲ್ಲ. ಬರಹದ ಒಪ್ಪಿಗೆಯೆಂಬುದೂ ಅಷ್ಟೆ: ರಜೆ ಕೇಳಲು ಹೆದರುವವಳು 12 ಗಂಟೆಗೆ ಆಗುವುದಿಲ್ಲ ಎಂದು ಬರೆದುಕೊಡುವಳೇ? ದಿನ ಹಿಗ್ಗಿದರೆ ಅದನ್ನು ಚಿಕ್ಕ ವಾರ ಎಂದು ಕರೆಯಬಾರದು.

ಇದರ ಮೇಲೆ ವಾರಕ್ಕೆ 70 ಗಂಟೆ, 90 ಗಂಟೆ ದುಡಿಯಿರಿ ಎಂಬ ದೊಡ್ಡವರ ಬೋಧನೆಗಳೂ ಬಂದವು. 2024ರ ಜುಲೈಯಲ್ಲಿ ಐಟಿ ಕಂಪನಿಗಳ ದುಡಿಮೆಯ ಅವಧಿಯನ್ನು ದಿನಕ್ಕೆ 14 ಗಂಟೆಗೆ ಏರಿಸುವ ಪ್ರಸ್ತಾಪವೂ ಸುದ್ದಿಯಾಯಿತು. ಐಟಿ ನೌಕರರ ಸಂಘಟನೆ ಬೀದಿಗಿಳಿದು ವಿರೋಧಿಸಿತು. ವಿರೋಧಿಸಿದ್ದು ಸರಿ.

ಬ್ಯಾಂಕಿನವರ ದಾರಿ ಇದಕ್ಕಿಂತ ಮೇಲು. 2015ರ ಸೆಪ್ಟೆಂಬರ್ 1ರಿಂದ ಅವರಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಅದಕ್ಕೆ ಬದಲಾಗಿ ಅರ್ಧ ದಿನವಿದ್ದ ಉಳಿದ ಶನಿವಾರಗಳು ಪೂರ್ತಿ ದಿನವಾದವು. ಉಳಿದ ಶನಿವಾರಗಳಿಗೂ ರಜೆ ಬೇಕೆಂದು ಕೇಳುತ್ತಿರುವ ಸಂಘಟನೆಗಳು ದಿನಕ್ಕೆ 40 ನಿಮಿಷ ಹೆಚ್ಚು ದುಡಿಯಲು ಸಿದ್ಧ ಎಂದಿವೆ. 40 ನಿಮಿಷವನ್ನು ಮೈ ತಾಳುತ್ತದೆ, ಮನೆಯೂ ತಾಳುತ್ತದೆ. ಎಲ್.ಐ.ಸಿ.ಯವರಿಗೆ 2021ರ ಮೇ ತಿಂಗಳಿಂದಲೇ ವಾರಕ್ಕೆ ಐದು ದಿನ ಕೆಲಸ.

ಎರಡು ದಿನ ಜೊತೆಜೊತೆಗೆ ಬಿಡುವು ಸಿಕ್ಕಾಗ ಏನಾಗುತ್ತದೆಂಬುದನ್ನು ಶುಕ್ರವಾರ ರಾತ್ರಿ ಚಿತ್ರದುರ್ಗದ ಹೆದ್ದಾರಿ ಬದಿಯಲ್ಲಿ ನಿಂತು ನೋಡಬೇಕು. ಬೆಂಗಳೂರಿನಿಂದ ಬರುವ ಬಸ್ಸುಗಳಿಂದ ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರು ಇಳಿಯುತ್ತಾರೆ. ಹೊಸದುರ್ಗದ ಕಡೆಯವರು, ಹೊಳಲ್ಕೆರೆಯವರು, ನಮ್ಮೂರ ಸುತ್ತಿನವರು. ಅಪ್ಪ ಬೈಕಿನಲ್ಲಿ ಬಂದು ಕಾಯುತ್ತಿರುತ್ತಾನೆ. ಬೆಂಗಳೂರು ಇಲ್ಲಿಂದ ಸುಮಾರು 200 ಕಿಲೋಮೀಟರ್. ಭಾನುವಾರ ಒಂದೇ ದಿನ ರಜೆಯಿರುವವನು ಶನಿವಾರ ಕೆಲಸ ಮುಗಿಸಿ ಹೊರಟು ನಡುರಾತ್ರಿ ತಲುಪಿ, ಭಾನುವಾರ ಉಂಡು ಬಟ್ಟೆ ತುಂಬಿಕೊಂಡು ಹೊರಡಬೇಕು. ಎಷ್ಟೋ ಜನ ಬರುವುದನ್ನೇ ಬಿಡುತ್ತಾರೆ. ಶನಿವಾರವೂ ಸೇರಿದರೆ ಅವನು ತೋಟಕ್ಕೆ ಹೋಗುತ್ತಾನೆ, ತಾಯಿಯನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ಯುತ್ತಾನೆ, ವಾಣಿವಿಲಾಸ ಸಾಗರ ಕೋಡಿ ಬಿದ್ದಿದ್ದರೆ ಗೆಳೆಯರ ಜೊತೆ ನೋಡಿ ಬರುತ್ತಾನೆ, ಸಾಣೇಹಳ್ಳಿಯಲ್ಲಿ ನಾಟಕೋತ್ಸವವಿದ್ದರೆ ರಾತ್ರಿ ಕೂರುತ್ತಾನೆ. ಊರಿಗೆ ಅವನ ಮುಖ ಪರಿಚಯ ಉಳಿಯುತ್ತದೆ. ವರ್ಷಕ್ಕೊಮ್ಮೆ ಹದಿನೈದು ದಿನ ಬಂದು ಹೋಗುವ ಮಗ ಬೇರೆ, ತಿಂಗಳಿಗೆ ಎರಡು ಸಲ ಬರುವ ಮಗ ಬೇರೆ. ವಯಸ್ಸಾದ ತಂದೆತಾಯಿಗೆ ಬೇಕಾದವನು ಎರಡನೆಯವನು.

ವಾರದ ಬಿಡುವು ನಮ್ಮ ಬೇಸಾಯಕ್ಕೆ ಹೊಸದಲ್ಲ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇದನ್ನು ಪಾಲಿಸುತ್ತಿದ್ದ ಮನೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದವು, ಈಗಲೂ ಕೆಲವಿವೆ. ಬಡಗಿ, ಕಮ್ಮಾರರು ಅಮಾವಾಸ್ಯೆಯಂದು ಉಳಿ ಸುತ್ತಿಗೆ ಮುಟ್ಟುತ್ತಿರಲಿಲ್ಲ. ಎತ್ತಿಗೆ ಬಿಡುವು ಸಿಕ್ಕ ದಿನ ಎತ್ತು ಹೊಡೆಯುವ ಆಳಿಗೂ ಒಂದಿಷ್ಟು ಬಿಡುವು ಸಿಗುತ್ತಿತ್ತು. ಅವನ ವಿಶ್ರಾಂತಿ ದನದ ವಿಶ್ರಾಂತಿಗೆ ಅಂಟಿಕೊಂಡು ಬಂದದ್ದು; ಅವನ ಹಕ್ಕೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಟ್ರ್ಯಾಕ್ಟರು ಬಂತು. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಎತ್ತಿನ ಜೊತೆಗೆ ಆಳಿನ ಬಿಡುವೂ ಹೋಯಿತು, ಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಅಡಿಕೆ ಸುಗ್ಗಿಯಲ್ಲಿ ಭೀಮಸಮುದ್ರದ ಕಡೆ, ಹೊಳಲ್ಕೆರೆ ಸೀಮೆಯಲ್ಲಿ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರರ ಮನೆಗಳ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರನ್ನು ನೀವೆಲ್ಲ ನೋಡಿದ್ದೀರಿ. ಮೆಟ್ಟುಗತ್ತಿಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ, ಬೆರಳು ಕಪ್ಪಾಗಿ ಸಿಪ್ಪೆಯ ರಸಕ್ಕೆ ಚರ್ಮ ಬಿರಿಯುವ ತನಕ. ಸುಲಿದ ಅಳತೆಗೆ ಕೂಲಿ. ಅವರಿಗೆ ವಾರವೂ ಇಲ್ಲ, ವರ್ಷವೂ ಇಲ್ಲ. ಕೂತರೆ ದುಡ್ಡು, ಎದ್ದರೆ ಇಲ್ಲ. ಕನಿಷ್ಠ ವೇತನ ನಿಗದಿ ಮಾಡುವಾಗ ತಿಂಗಳ ಮೊತ್ತವನ್ನು 26ರಿಂದ ಭಾಗಿಸಿ ದಿನದ ಕೂಲಿ ತೆಗೆಯುವ ಪದ್ಧತಿಯಿದೆ. ಅಂದರೆ ವಾರದ ಬಿಡುವಿನ ಸಂಬಳ ಆ ದಿನಗೂಲಿಯೊಳಗೇ ಸೇರಿರಬೇಕು. ಅಳತೆಯ ಕೂಲಿಯಲ್ಲಿ ಅದು ಸೇರಿದೆಯೇ ಎಂದು ಕೇಳುವವರು ಯಾರೂ ಇಲ್ಲ. ವಾರವೋ ರಜೆಯೋ ಎಂದು ನಾವು ಚರ್ಚಿಸುತ್ತಿರುವಾಗ ಈ ಎರಡೂ ಇಲ್ಲದವರು ನಮ್ಮ ನಡುವೆ ಎಷ್ಟೋ ಪಾಲು ಹೆಚ್ಚಿದ್ದಾರೆ ಎಂಬುದು ನನ್ನನ್ನು ಬಾಧಿಸುತ್ತದೆ. ಖೇಣಿದಾರರು ಈ ಸಭೆಯಲ್ಲೂ ಇರಬಹುದು. ಸುಗ್ಗಿಯ ತಿಂಗಳುಗಳಲ್ಲಿ ವಾರಕ್ಕೊಂದು ದಿನ ಮೆಟ್ಟುಗತ್ತಿ ಮುಚ್ಚಿಡುವುದೆಂದು, ಆ ದಿನಕ್ಕೂ ಇಷ್ಟು ಕೂಲಿಯೆಂದು ಈ ಹೋಬಳಿಯವರೇ ಕೂತು ಮಾತಾಡಿಕೊಳ್ಳಬಹುದು. ಅದಕ್ಕೆ ವಿಧಾನಸೌಧದ ಆದೇಶ ಬೇಕಿಲ್ಲ.

ಸರ್ಕಾರಿ ನೌಕರರಿಗೂ ಒಂದು ಮಾತು. ನಾಲ್ಕನೇ ಶನಿವಾರ ಸಿಕ್ಕಿತೆಂದು ಸುಮ್ಮನಾಗಬೇಡಿ, ಅದನ್ನು ಕಾಯ್ದುಕೊಳ್ಳಿ. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ಮುಷ್ಕರಕ್ಕೆ ಇಳಿದದ್ದು ಮೊಬೈಲಿನ ಹತ್ತಾರು ಆ್ಯಪ್‌ಗಳ ಕೆಲಸದ ಹೊರೆ ತಾಳಲಾರದೆ. ಕಚೇರಿಗೆ ಬೀಗ ಬಿದ್ದಿರುತ್ತದೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಸಂಜೆಯೊಳಗೆ ವರದಿ ಕೊಡಿ’ ಎಂಬ ಸಂದೇಶ ಬಂದಿರುತ್ತದೆ. ಕೇಳದೆ ಬರುವ ರಜೆಯ ದೊಡ್ಡ ಗುಣವೇ ಅದಕ್ಕೆ ಯಾರ ಅಪ್ಪಣೆಯೂ ಬೇಡವೆಂಬುದು. ಫೋನಿನಲ್ಲಿ ಅಪ್ಪಣೆ ಬರತೊಡಗಿದರೆ ಆ ಗುಣ ಹೋಯಿತು. ಕಳೆದುಕೊಂಡ ಐದು ಸಿ.ಎಲ್.ಗಳಲ್ಲಿ ಎರಡನ್ನಾದರೂ ಹಿಂದಕ್ಕೆ ಕೇಳುವುದು ನ್ಯಾಯವೆಂದು ನನಗನ್ನಿಸುತ್ತದೆ. ಬಿತ್ತನೆಗೆ ಒಂದು, ಸಾವುನೋವಿಗೆ ಒಂದು.

ಕೊನೆಯದಾಗಿ, ಪಿಯುಸಿ, ಐಟಿಐ ಮುಗಿಸಿ ನಾಳೆ ಕಾರ್ಖಾನೆಗಳಿಗೆ ಹೋಗಲಿರುವ ಮಕ್ಕಳಿಗೆ ಎರಡು ವಿಷಯ ತಿಳಿಸಿ ಮುಗಿಸುತ್ತೇನೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವರ್ಷದ ರಜೆಗೆ ಅರ್ಹರಾಗಲು 240 ದಿನ ದುಡಿಯಬೇಕಿದ್ದದ್ದು ಈಗ 180 ದಿನಕ್ಕೆ ಇಳಿದಿದೆ. ಹಾಗಾಗಿ ಹೋದ ಮೊದಲ ದಿನದಿಂದಲೇ ನಿಮ್ಮ ಹಾಜರಿಯನ್ನು ನಿಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಕಂಪನಿಯ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆ ನೋಡಿ. ಎರಡನೆಯದು, ರಜೆಯನ್ನು ಬಾಯಲ್ಲಿ ಕೇಳಬೇಡಿ. ಮುಂಚಿತವಾಗಿ, ಹದಿನೈದು ದಿನ ಇರುವಾಗಲೇ, ಕಾಗದದಲ್ಲಿ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಬಳಸದೆ ಉಳಿದ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು 30 ದಿನದ ಮಿತಿಯಿದೆ. ನೀವು ಕೇಳಿ, ಅವರು ಕೊಡದೆ ಹೋದ ರಜೆಗೆ ಆ ಮಿತಿ ಇಲ್ಲ; ಅದು ಎಷ್ಟಿದ್ದರೂ ನಿಮ್ಮ ಖಾತೆಯಲ್ಲೇ ಉಳಿಯುತ್ತದೆ. 1948ರ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸ ಸಂಹಿತೆಯಲ್ಲೂ ಹೀಗೇ ಇದೆ. ನೀವು ಕೇಳಿದ್ದಿರಿ ಎಂಬುದಕ್ಕೆ ಕೈಯಲ್ಲಿ ಕಾಗದ ಇರಬೇಕು, ಅಷ್ಟೆ.